ಬೆಳ್ಳಿಯ ಪರವಾಗಿ ಹೇಳಬೇಕಾದ ಮಾತು

ನಾನು ಚಿಕ್ಕವಳಿದ್ದಾಗ ನಮ್ಮ ಬನಹಟ್ಟಿಯಲ್ಲಿ ಬೆಕ್ಕನ್ನು ದವಾಖಾನೆಗೆ ಒಯ್ದವರು ಯಾರೂ ಇರಲಿಲ್ಲ. ಎತ್ತು ಕುಂಟಿದರೆ, ಎಮ್ಮೆ ಮೇವು ಬಿಟ್ಟರೆ ಜಮಖಂಡಿಯ ದನದ ದವಾಖಾನೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಬೆಕ್ಕಿಗೆ ಜಡ್ಡು ಬಂದರೆ ಅದು ತಾನೇ ಎಲ್ಲೋ ಒಂದು ಮೂಲೆ ಹಿಡಿಯುತ್ತಿತ್ತು. ಬದುಕಿದರೆ ಹೊರಗೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅಂಥ ಕಾಲದಲ್ಲಿ ನನ್ನ ಅಪ್ಪ ಒಂದು ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ನನ್ನನ್ನು ಜೊತೆಗೆ ಕೂರಿಸಿಕೊಂಡು, ಚಕ್ಕಡಿಯಲ್ಲಿ ಜಮಖಂಡಿಗೆ ಹೊರಟಿದ್ದ. ಓಣಿಯ ಜನ ನಕ್ಕಿದ್ದರು. ಅಪ್ಪ ನಗಲಿಲ್ಲ.

ಆಗ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಅದಕ್ಕೂ ಮೊದಲು ರಾಜರ ಸಂಸ್ಥಾನವಿತ್ತಂತೆ. ನನಗೆ ಅದರ ನೆನಪಿಲ್ಲ. ನನಗೆ ನೆನಪಿರುವುದು ನಮ್ಮ ನೇಕಾರರ ಓಣಿ. ಬೆಳಗಾಯಿತೆಂದರೆ ಮನೆಮನೆಯಿಂದ ಮಗ್ಗದ ಸದ್ದು ಏಳುತ್ತಿತ್ತು. ನಮ್ಮ ನಡುಮನೆಯಲ್ಲೂ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದರು. ಅಪ್ಪ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ರೊಟ್ಟಿಗೇ ಏಳುತ್ತಿದ್ದ. ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ ಗೋಡೆಗೂ ಅಂಟಿಕೊಂಡಿತ್ತು, ನಮ್ಮ ಬಟ್ಟೆಗೂ ಅಂಟಿಕೊಂಡಿತ್ತು.

ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ನನಗೆ ಅವ್ವ ಅಂದರೆ ಅಕ್ಕನೇ. ಹಿತ್ತಲ ಪಡಸಾಲೆಯಲ್ಲಿ ರಾಟೆ ಇಟ್ಟುಕೊಂಡು ಅವಳು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ಅವಳ ಬೆನ್ನಿಗೆ ಬೆನ್ನು ಆನಿಸಿ ಕೂತು ಸಾಲೆಯ ಪುಸ್ತಕ ಓದುತ್ತಿದ್ದೆ. ಅವಳು ರಾಟೆ ತಿರುವಿದಾಗ ನನ್ನ ಬೆನ್ನೂ ಅಲುಗುತ್ತಿತ್ತು. ನಮ್ಮಿಬ್ಬರ ಕಾಲ ಬಳಿ ಬೆಳ್ಳಿ ಎಂಬ ಬೆಕ್ಕು ಮಲಗಿರುತ್ತಿತ್ತು. ಬಿಳಿ ಬೆಕ್ಕೆಂದು ಅಕ್ಕ ಆ ಹೆಸರಿಟ್ಟಿದ್ದಳು. ಆದರೆ ಆರಿದ ಒಲೆಯ ಬೂದಿಯಲ್ಲಿ ಮಲಗುವ ಚಟ ಅದಕ್ಕೆ. ಬೆಳಗ್ಗೆ ಬೂದು ಬಣ್ಣವಾಗಿ ಏಳುತ್ತಿತ್ತು, ಮೈಯನ್ನೆಲ್ಲ ನೆಕ್ಕಿ ನೆಕ್ಕಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಳಿಯಾಗುತ್ತಿತ್ತು.

ಆ ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಸಾವಳಗಿಗೆ ಕೊಟ್ಟರು. ಸಾವಳಗಿ ಜಮಖಂಡಿಯ ಆಚೆಗೆ; ನನ್ನ ಲೆಕ್ಕದಲ್ಲಿ ಭೂಮಿಯ ಆಚೆ ಅಂಚಿಗೆ. ಚಕ್ಕಡಿ ಹತ್ತುವಾಗ ಅಕ್ಕ ಅಪ್ಪನ ಕೈ ಹಿಡಿದುಕೊಂಡು, ಇಬ್ಬರನ್ನೂ ನೋಡಿಕೊಳ್ಳಿರಿ ಎಂದಳು. ಇಬ್ಬರು ಎಂದರೆ ನಾನು ಮತ್ತು ಬೆಳ್ಳಿ. ಅಪ್ಪ ತಲೆಯಾಡಿಸಿದ. ಹೋಗುವ ಚಕ್ಕಡಿಯ ಹಿಂದೆ ಎದ್ದ ಧೂಳು ಕೆಳಗಿಳಿಯುವವರೆಗೆ ನಾವು ಹೊರಗೇ ನಿಂತಿದ್ದೆವು. ಒಳಗೆ ಬಂದ ಅಪ್ಪ ತಲೆಯ ಪಟಕಾ ತೆಗೆದಿಟ್ಟು ಮಗ್ಗದ ಕುಣಿಗೆ ಇಳಿದ. ಮದುವೆಯ ಮನೆಯಲ್ಲಿ ಅಂದು ಮಗ್ಗ ನಡೆಸುವವರು ಯಾರು? ಆದರೂ ಅಪ್ಪ ನಡೆಸಿದ.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಸಾಲೆಗೆ ಸೂಟಿ. ಗೆಳತಿಯರೆಲ್ಲ ಅಜ್ಜಿಯರ ಊರಿಗೆ ಹೋಗಿದ್ದರು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತು ನಾನು ಕಂಡಿಕೆ ಸುತ್ತುತ್ತಿದ್ದೆ. ಬೆನ್ನಿಗೆ ಏನೂ ಆಸರೆ ಇರಲಿಲ್ಲ. ಆಚೆಮನೆಯ ದೊಡ್ಡವ್ವ ಎರಡು ಹೊತ್ತು ಬಂದು ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು. ಅಪ್ಪ ಮಗ್ಗದ ಬಳಿ ಉಣ್ಣುತ್ತಿದ್ದ, ನಾನು ಒಲೆಯ ಬಳಿ. ಉಣ್ಣುವ ಸದ್ದು ಕೂಡ ಒಬ್ಬರದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ನಾನು ಅರ್ಧ ರೊಟ್ಟಿಯನ್ನು ಬೆಳ್ಳಿಗೆ ಹಾಕುತ್ತಿದ್ದೆ. ಅದು ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ತಿಂದು ಬಟ್ಟಲನ್ನು ನೆಕ್ಕುತ್ತ ಗೋಡೆಯವರೆಗೆ ತಳ್ಳಿಕೊಂಡು ಹೋಗುತ್ತಿತ್ತು.

ಸೀರೆಯ ಸೆರಗಿಗೆಂದು ಕೆಂಪು ರೇಷ್ಮೆ ಮನೆಗೆ ಬಂದ ದಿನಗಳವು. ಆಗಲೇ ಬೆಳ್ಳಿಗೆ ಏನೋ ಆಯಿತು. ಏನೆಂದು ಯಾರಿಗೂ ತಿಳಿಯಲಿಲ್ಲ. ಹಾಲಿನ ಬಟ್ಟಲಿಗೆ ಓಡಿ ಬರುವುದು, ಮೂಸುವುದು, ಒಮ್ಮೆ ನಾಲಿಗೆ ತಾಗಿಸಿ ಹಿಂದೆ ಸರಿಯುವುದು. ಹಸಿವಿತ್ತು, ಉಣ್ಣಲಾಗುತ್ತಿರಲಿಲ್ಲ. ಬೆನ್ನು ಗೂನು ಮಾಡಿಕೊಂಡು ಹೊಸ್ತಿಲ ಬಳಿ ಕೂತು ಬೀದಿಯನ್ನೇ ನೋಡುತ್ತಿತ್ತು. ಎತ್ತಿಕೊಳ್ಳಹೋದರೆ ಗುರ್ ಎನ್ನುತ್ತಿತ್ತು. ಒಂದೆರಡು ಸಲ ಬಿಳಿ ನೊರೆ ವಾಂತಿ ಮಾಡಿಕೊಂಡಿತು. ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿತು. ಸಂಜೆಯಾದರೂ ಬೂದು ಬಣ್ಣವೇ ಉಳಿದಿರುತ್ತಿತ್ತು.

ದೊಡ್ಡವ್ವ ನೋಡಿ ದೃಷ್ಟಿಯಾಗಿದೆ ಎಂದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದು ಫಲಿಸದಿದ್ದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಕ್ಕನ ಹಂಬಲ ಹಚಗೊಂಡೇತಿ. ಬಾಗಲದಾಗ ಕುಂತು ಅಕಿ ಹಾದಿ ನೋಡಾಕತ್ತೇತಿ” ಎಂದಳು.

ಆ ಮಾತು ನನ್ನ ಎದೆಯೊಳಗೆ ಇಳಿದು ಕೂತಿತು. ಓಣಿಯಲ್ಲಿ ಎಲ್ಲರೂ ಅದನ್ನೇ ಹೇಳತೊಡಗಿದರು. ನನಗೆ ಬೆಳ್ಳಿಯ ಬಗ್ಗೆ ಹೆದರಿಕೆಯಾಗುತ್ತಿತ್ತು, ನಿಜ. ಆದರೆ ಅದರ ಜೊತೆಗೆ ಒಂದು ಸಮಾಧಾನವೂ ಆಗುತ್ತಿತ್ತು. ಈ ಮನೆಯಲ್ಲಿ ಅಕ್ಕನಿಗಾಗಿ ಸೊರಗುತ್ತಿರುವವಳು ನಾನೊಬ್ಬಳೇ ಅಲ್ಲ. ನಾನು ಹೊಸ್ತಿಲಿಗೆ ಹೋಗಿ ಬೆಳ್ಳಿಯ ಪಕ್ಕದಲ್ಲಿ ಕೂರುತ್ತಿದ್ದೆ. ಅದು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇಬ್ಬರೂ ಬೀದಿಯನ್ನು ನೋಡುತ್ತಿದ್ದೆವು.

ಒಂದು ಸಂಜೆ ಅಪ್ಪ ಮಗ್ಗದಿಂದ ಬೇಗ ಎದ್ದ. ಬೆಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಟ್ಟದ ರೊಟ್ಟಿಯ ತಟ್ಟೆಯನ್ನೂ ನೋಡಿದ. ಪಕ್ಕದೂರು ಚಿಮ್ಮಡದ ಕಾಕಾ ನಾಳೆ ಜಮಖಂಡಿಯ ಪೇಟೆಗೆ ಬೆಲ್ಲ ಹೇರಿಕೊಂಡು ಹೋಗುತ್ತಾರೆ, ಅವರ ಚಕ್ಕಡಿಯಲ್ಲಿ ನಾವೂ ಹೋಗೋಣ ಎಂದ. ದೊಡ್ಡವ್ವ ನಕ್ಕಳು. ಬೆಕ್ಕಿಗಾಗಿ ಒಂದು ದಿನದ ನೇಯ್ಗೆ ಬಿಡುತ್ತಾರೆಯೇ ಎಂದಳು. ಅಪ್ಪ ಹೇಳಿದ್ದು ಇಷ್ಟೇ: “ನಾಗರ ಪಂಚಮಿಗೆ ಮಗಳು ಬಂದು ಬೆಕ್ಕೆಲ್ಲಿ ಅಂತ ಕೇಳಿದ್ರ ನಾ ಏನ ಹೇಳಲಿ?”

ಆ ಸಂಜೆ ನಾವು ದವಾಖಾನೆಗೆ ಹೋಗುವ ತಯಾರಿ ನಡೆಸಿದೆವು. ಅಪ್ಪ ಕಂಡಿಕೆ ತುಂಬುವ ಬಿದಿರಿನ ಬುಟ್ಟಿಯನ್ನು ಖಾಲಿ ಮಾಡಿದ. ಮುಚ್ಚಳಕ್ಕೆಂದು ಇನ್ನೊಂದು ಬುಟ್ಟಿಯನ್ನು ಮೇಲೆ ಕವುಚಿ, ಎರಡನ್ನೂ ಹೊಲಿದಂತೆ ಹಗ್ಗ ಹಾಕಿ, ಒಂದು ಕಡೆ ಬಿಚ್ಚುವ ಹಾಗೆ ಕುಣಿಕೆ ಬಿಟ್ಟ. ನಾನು ಒಳಗೆ ಹಾಸಲು ಅಕ್ಕನ ಹಳೆಯ ಸೀರೆಯ ತುಂಡನ್ನು ತಂದೆ. ಅವಳು ಬಿಟ್ಟುಹೋದ ಮೇಲೆ ನಾನು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಇನ್ನೂ ಅವಳ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಬೆಳ್ಳಿಗೆ ಒಂದೇ ದಿನಕ್ಕಾದರೂ ಅದು ಸಿಗಲಿ ಎಂದುಕೊಂಡೆ.

ಆಮೇಲೆ ಅಪ್ಪ ಕಂದೀಲು ಹತ್ತಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡ. ದಾಕ್ತರು ಪ್ರಶ್ನೆ ಕೇಳುತ್ತಾರೆ, ಬೆಕ್ಕಿಗೆ ಬಾಯಿಲ್ಲ, ಅದರ ಮಾತನ್ನು ನೀನೇ ಆಡಬೇಕು ಎಂದ. ಯಾವಾಗ ಉಣ್ಣುವುದು ಬಿಟ್ಟಿತು? ಮೊದಲು ಬಿಟ್ಟದ್ದು ರೊಟ್ಟಿಯೋ ಹಾಲೋ? ನೀರು ಕುಡಿಯುತ್ತದೆಯೇ? ವಾಂತಿಯ ಬಣ್ಣ ಎಂಥದು? ಹೊಟ್ಟೆ ಮುಟ್ಟಿದರೆ ಸಿಟ್ಟು ಮಾಡುತ್ತದೆಯೋ, ತಲೆ ಮುಟ್ಟಿದರೋ? ಅಪ್ಪ ಒಂದರ ಮೇಲೊಂದು ಕೇಳುತ್ತಿದ್ದ. ಅಕ್ಕ ಹೋದ ಮೇಲೆ ಅವನು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಪ್ರಶ್ನೆಗಳು ಮುಗಿಯದಿರಲಿ ಎನಿಸುತ್ತಿತ್ತು. ಉತ್ತರ ಗೊತ್ತಿಲ್ಲದ ಕಡೆ ಇಬ್ಬರೂ ಕಂದೀಲು ಹಿಡಿದು ಹಿತ್ತಲಿಗೆ ಹೋಗಿ, ಬೆಳ್ಳಿ ಮಣ್ಣು ಕೆರೆದು ಮುಚ್ಚಿದ ಜಾಗವನ್ನು ಕಡ್ಡಿಯಿಂದ ಕೆದರಿ ನೋಡಿದೆವು. ಏನೂ ಇರಲಿಲ್ಲ. ಹಾಗಾದರೆ ಇಲ್ಲ ಎಂದೇ ಹೇಳು ಎಂದ ಅಪ್ಪ.

ಕೊನೆಗೆ ನಾನು, ಅಕ್ಕನ ಹಂಬಲದ ವಿಷಯವನ್ನೂ ಹೇಳಲೇ ಎಂದು ಕೇಳಿದೆ.

ಅಪ್ಪ ಕಂದೀಲಿನ ಬತ್ತಿಯನ್ನು ಸಣ್ಣದು ಮಾಡಿದ. “ಕಂಡದ್ದಷ್ಟ ಹೇಳವ್ವಾ. ಅನಿಸಿದ್ದು ಬ್ಯಾಡ.”

ಹಾಸಿಗೆಯಲ್ಲಿ ಮಲಗಿದಾಗ ನನ್ನ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಓಡುತ್ತಿತ್ತು. ಜಮಖಂಡಿಯಿಂದ ಸಾವಳಗಿಗೆ ದಾರಿ ಇದೆ. ಅಕ್ಕ ಹೋದ ದಿನದಿಂದಲೇ ಬೆಳ್ಳಿ ಉಣ್ಣುತ್ತಿಲ್ಲ ಎಂದು ನಾನು ಹೇಳಿದರೆ, ದಾಕ್ತರು ಇದನ್ನು ಅಕ್ಕನ ಬಳಿ ಒಯ್ಯಿರಿ ಎನ್ನಬಹುದು. ದಾಕ್ತರು ಹೇಳಿದ ಮೇಲೆ ಅಪ್ಪ ಇಲ್ಲವೆನ್ನಲಾರ. ಒಯ್ಯುವುದಾದರೆ ನನ್ನನ್ನೂ ಒಯ್ಯಬೇಕಲ್ಲ. ಆದರೆ ನಿಜ ಏನೆಂಬುದು ನನಗೆ ಗೊತ್ತಿತ್ತು. ಅಕ್ಕ ಹೋದ ಮೇಲೂ ಬೆಳ್ಳಿ ಚೆನ್ನಾಗಿ ಉಣ್ಣುತ್ತಿತ್ತು. ಬಟ್ಟಲು ಗೋಡೆಗೆ ತಾಗುವ ಸದ್ದನ್ನು ದಿನಾ ಕೇಳುತ್ತಿದ್ದವಳು ನಾನೇ.

ಬೆಳ್ಳಿಚುಕ್ಕೆ ಮೂಡುವ ಹೊತ್ತಿಗೆ ಕಾಕಾನ ಚಕ್ಕಡಿ ಬಂತು. ಗೋಣಿತಟ್ಟು ಹೊದಿಸಿದ ಬೆಲ್ಲದ ಪೆಂಟಿಗಳ ನಡುವೆ ನಮಗೆ ಒಂದಿಷ್ಟು ಜಾಗ ಮಾಡಿದ್ದರು. ಬೆಳ್ಳಿಯನ್ನು ಬುಟ್ಟಿಗೆ ಇಳಿಸುವಾಗ ಅದು ಪರಚಲಿಲ್ಲ. ಪರಚುವಷ್ಟು ಕಸುವೂ ಇರಲಿಲ್ಲ. ದಾರಿಯುದ್ದಕ್ಕೂ ಬೆಲ್ಲದ ಬೆಚ್ಚನೆಯ ವಾಸನೆ, ಎತ್ತುಗಳ ಗಂಟೆ, ಬಿಸಿಲೇರುತ್ತಿದ್ದಂತೆ ನೊಣಗಳ ಗುಂಯ್‌ಗುಟ್ಟುವಿಕೆ. ನಾನು ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ಕೂತಿದ್ದೆ. ಒಮ್ಮೊಮ್ಮೆ ಬೆಳ್ಳಿಯ ಉಸಿರು ಬೆರಳಿಗೆ ತಾಗುತ್ತಿತ್ತು. ತಾಗದೆ ಹೋದಾಗ ನಾನು ಬುಟ್ಟಿಗೆ ಕಿವಿಯಿಡುತ್ತಿದ್ದೆ.

ದನದ ದವಾಖಾನೆಯ ಅಂಗಳದಲ್ಲಿ ಬೇವಿನ ಮರಗಳಿದ್ದವು. ಎತ್ತುಗಳನ್ನು ಅಲುಗದಂತೆ ನಿಲ್ಲಿಸುವ ದಪ್ಪ ಮರದ ಚೌಕಟ್ಟಿತ್ತು. ಫಿನಾಯಿಲು ಮತ್ತು ಸೆಗಣಿಯ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಮುಧೋಳದ ಕಡೆಯವರು, ಬೀಳಗಿಯ ಕಡೆಯವರು, ಹಗ್ಗ ಹಿಡಿದು ನೆರಳಿನಲ್ಲಿ ಕೂತಿದ್ದರು. ನಮ್ಮ ಬುಟ್ಟಿಯಲ್ಲಿ ಕೋಳಿ ಇದೆ ಎಂದು ಒಬ್ಬರು ತಿಳಿದರು. ಬೆಕ್ಕು ಎಂದು ಗೊತ್ತಾದಾಗ ನಗೆ ಮರದಿಂದ ಮರಕ್ಕೆ ಹಬ್ಬಿತು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ನಮ್ಮ ಪಾಳಿಗೆ ಕಾದ.

ದಾಕ್ತರು ವಯಸ್ಸಾದವರು, ಮನೆಮಾತು ಮರಾಠಿ ಇರಬೇಕು, ಕೈಕೆಳಗಿನವರೊಡನೆ ಅದರಲ್ಲೇ ಮಾತಾಡುತ್ತಿದ್ದರು. ಸಂಸ್ಥಾನದ ಕಾಲದಲ್ಲಿ ಕುದುರೆಗಳಿಗೆ ಔಷಧ ಕೊಡುತ್ತಿದ್ದರೆಂದು ಅಲ್ಲಿ ಕೂತವರು ಹೇಳಿಕೊಳ್ಳುತ್ತಿದ್ದರು. ಅವರು ಮಾತ್ರ ನಗಲಿಲ್ಲ. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಸಂದಿಯಲ್ಲಿ ಇಣುಕಿ, ಯಾವಾಗಿನಿಂದ ಹೀಗೆ ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಿದ.

 ಕಿಟಕಿಯಾಚೆ ದಾರಿ ಕಾಣುತ್ತಿತ್ತು. ಅಲ್ಲಿಂದ ಚಕ್ಕಡಿಗಳು ಸಾವಳಗಿಯ ಕಡೆಗೆ ಹೋಗುತ್ತವೆಂದು ಕಾಕಾ ಆಗಲೇ ತೋರಿಸಿದ್ದರು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಬುಟ್ಟಿಯೊಳಗಿನಿಂದ ಬೆಳ್ಳಿ ಒಮ್ಮೆ ಕೂಗಿತು; ಕೂಗೂ ಅಲ್ಲ, ಬರೀ ಗಾಳಿ ಹೊರಬಂದ ಹಾಗೆ. ನಾನು ತಪ್ಪು ಹೇಳಿದರೆ ಇದಕ್ಕೆ ತಪ್ಪು ಔಷಧ ಕೊಡುತ್ತಾರೆ ಎಂಬುದು ನನಗೆ ಥಟ್ಟನೆ ಹೊಳೆಯಿತು.

“ಅಕ್ಕ ಗಂಡನ ಮನಿಗೆ ಹೋದ ಮ್ಯಾಲೂ ಛಲೋ ಉಣ್ಣತಿತ್ರಿ” ಎಂದೆ. “ಒಂದ ಇಲಿನೂ ಹಿಡದಿತ್ತು. ಆಮ್ಯಾಲ ಮನಿಗೆ ಕೆಂಪ ರೇಶ್ಮಿ ಬಂತರಿ. ಅದರ ಮರುದಿನದಿಂದ ಉಣ್ಣವಲ್ತು.”

ಉಳಿದದ್ದನ್ನೂ ಹೇಳಿದೆ. ನೊರೆಯ ಬಣ್ಣ, ಗೂನು ಬೆನ್ನು, ಹಿತ್ತಲಲ್ಲಿ ಏನೂ ಸಿಗದಿದ್ದುದು, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುವುದು. ಹಂಬಲದ ಮಾತನ್ನು ಆಡಲಿಲ್ಲ. ದಾಕ್ತರು ನಡುವೆ ತಡೆದು, ನೀವು ನೇಕಾರರೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದ. ಅವರು ಕೈಕೆಳಗಿನವರನ್ನು ಕರೆದು ಬೆಳ್ಳಿಯನ್ನು ಒಂದು ದಪ್ಪ ಬಟ್ಟೆಯಲ್ಲಿ ಸುತ್ತಿಸಿದರು, ಮುಖವೊಂದೇ ಹೊರಗೆ. ಬಾಯಿ ಅಗಲಿಸಿ, ಗದ್ದದ ಕೆಳಗಿನಿಂದ ಹೆಬ್ಬೆರಳು ಒತ್ತಿ ನಾಲಿಗೆಯನ್ನು ಮೇಲಕ್ಕೆತ್ತಿದರು. ನನ್ನನ್ನು ಕರೆದು, ನೋಡು ಎಂದರು.

ನಾಲಿಗೆಯ ಬುಡಕ್ಕೆ ಒಂದು ಕೆಂಪು ರೇಷ್ಮೆಯ ಎಳೆ ಸುತ್ತಿಕೊಂಡಿತ್ತು. ಮಾಂಸದೊಳಗೆ ಹುಗಿದುಹೋಗುವಷ್ಟು ಬಿಗಿಯಾಗಿತ್ತು. ಅದರ ಎರಡೂ ತುದಿಗಳು ಗಂಟಲಿನ ಕತ್ತಲೆಗೆ ಇಳಿದುಹೋಗಿದ್ದವು. ಆಟದಲ್ಲಿ ಬಾಯಿಗೆ ಹೋದ ಎಳೆ ಹೊಟ್ಟೆಗೂ ಪೂರ್ತಿ ಇಳಿಯದೆ, ಹೊರಗೂ ಬಾರದೆ ಅಲ್ಲಿ ನಿಂತುಬಿಟ್ಟಿತ್ತು.

ಅಪ್ಪ ಅದನ್ನು ಎಳೆಯಲು ಕೈ ಮುಂದೆ ಮಾಡಿದ. ದಾಕ್ತರು ತಡೆದರು. “ಜಗ್ಗಬ್ಯಾಡ್ರಿ. ಜಗ್ಗಿದ್ರ ಒಳಗ ಕರಳ ಕೊಯ್ತೈತಿ.” ಅವರು ಸಣ್ಣ ಕತ್ತರಿಯಿಂದ ನಾಲಿಗೆಯ ಕೆಳಗಿನ ಸುತ್ತನ್ನಷ್ಟೇ ಕತ್ತರಿಸಿದರು. ತುದಿಗಳು ಒಳಗೆ ಜಾರಿ ಮಾಯವಾದವು. ಇನ್ನು ಅದು ತಾನಾಗಿ ಹೊರಗೆ ಹೋಗಬೇಕು, ಹೋಗಬಹುದು, ಹೋಗದೆಯೂ ಇರಬಹುದು ಎಂದರು. ಎಣ್ಣೆಯಂಥ ಔಷಧವನ್ನು ಒಂದು ಸೀಸೆಯಲ್ಲಿ ಹಾಕಿಕೊಟ್ಟರು. ಮತ್ತೆ ವಾಂತಿಯಾದರೆ ತಡಮಾಡದೆ ತರಬೇಕು ಎಂದರು.

ನಾನು ಅಲ್ಲಿಂದ ಕದಲಲಿಲ್ಲ. ಕೇಳಲೇಬೇಕೆನಿಸಿ, ಹಾಗಾದರೆ ಇದಕ್ಕೆ ಅಕ್ಕನ ಹಂಬಲವಾಗಿರಲಿಲ್ಲವೇ ಎಂದು ಕೇಳಿಬಿಟ್ಟೆ.

ದಾಕ್ತರು ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು. “ಬೆಕ್ಕಿನ ಮನಸಿನ ಸುದ್ದಿ ನನಗ ತಿಳಿಯೂದಿಲ್ಲ ತಂಗಿ. ಬಾಯಾಗ ಎಳಿ ಇತ್ತು. ಅಷ್ಟ ಹೇಳಬಲ್ಲೆ.”

ಕಾಕಾ ಬೆಲ್ಲ ಮಾರಿ ಬರುವವರೆಗೆ ನಾವು ಬೇವಿನ ಮರದ ಕೆಳಗೆ ಕೂತೆವು. ಅಪ್ಪ ಬುತ್ತಿ ಬಿಚ್ಚಿದ. ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ. ನಾನು ರೊಟ್ಟಿಯನ್ನು ಮುರಿದು ಕೈಯಲ್ಲೇ ಹಿಡಿದುಕೊಂಡೆ. ಬೆಳ್ಳಿ ಬದುಕಬಹುದು ಎಂಬ ಸಂತೋಷವಿತ್ತು. ಆದರೂ ಏನನ್ನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಹೊಸ್ತಿಲಲ್ಲಿ ಪಕ್ಕಪಕ್ಕ ಕೂತು ಬೀದಿ ನೋಡಿದೆವಲ್ಲ, ಆಗ ಬೆಳ್ಳಿ ಬರೀ ನೋವು ತಿನ್ನುತ್ತಿತ್ತು. ಅಕ್ಕನ ಹಾದಿ ಕಾಯುತ್ತಿದ್ದವಳು ನಾನೊಬ್ಬಳೇ.

ಅಪ್ಪ ನನ್ನನ್ನೇ ನೋಡುತ್ತಿದ್ದ. “ಬೆಳ್ಳಿಗೆ ಎಳಿ ಸಿಕ್ಕಿತ್ತು” ಎಂದ. “ನೀ ಯಾಕ ಉಣ್ಣವಲ್ಲಿ?”

ನಾನು ದಾರಿಯ ಕಡೆ ನೋಡಿದೆ, ಆಮೇಲೆ ಅತ್ತುಬಿಟ್ಟೆ. ಮದುವೆಯ ದಿನವೂ ನಾನು ಅತ್ತಿರಲಿಲ್ಲ. ಅಪ್ಪ ನನ್ನನ್ನು ಸುಮ್ಮನಿರು ಎನ್ನಲಿಲ್ಲ. ಅಳು ತಾನಾಗಿ ನಿಲ್ಲುವವರೆಗೆ ಕಾದು, “ನನಗೂ ಮನಿ ಭಾಳ ದೊಡ್ಡದ ಅನಸಾಕತ್ತೇತವ್ವಾ” ಎಂದ. ಸಾವಳಗಿಗೆ ಈಗ ಹೋಗುವುದು ಬೇಡ ಎಂದ. ಈಗ ಹೋದರೆ ಅವಳೂ ಅಳುತ್ತಾಳೆ, ಅವಳಿಗೆ ಆ ಮನೆ ರೂಢಿಯಾಗಲಿ, ಪಂಚಮಿಗೆ ತಾನೇ ಹೋಗಿ ಕರೆತರುತ್ತೇನೆ ಎಂದ. ಆಮೇಲೆ ತನ್ನ ರೊಟ್ಟಿಯಲ್ಲಿ ಒಂದು ತುತ್ತು ಮುರಿದು ನನ್ನ ಬಾಯಿಗಿಟ್ಟ. ನಾನು ಅಷ್ಟು ಚಿಕ್ಕವಳೇನೂ ಆಗಿರಲಿಲ್ಲ. ಆದರೂ ತಿಂದೆ.

ಊರಿಗೆ ಬಂದ ಮೇಲೆ ಬೆಳ್ಳಿ ಒಲೆಯ ಮೂಲೆ ಹಿಡಿಯಿತು. ಅಪ್ಪ ದಿನಾ ಅದರ ಬಾಯಿ ಅಗಲಿಸುತ್ತಿದ್ದ, ನಾನು ಔಷಧ ಹನಿಸುತ್ತಿದ್ದೆ. ಒಂದು ಬೆಳಗ್ಗೆ ಹಿತ್ತಲ ಮಣ್ಣಿನಲ್ಲಿ ಆ ಕೆಂಪು ಎಳೆ ಸಿಕ್ಕಿತು. ಬೆಳ್ಳಿ ಹಾಲು ಕುಡಿಯಿತು. ಬಿಸಿಲಲ್ಲಿ ಕೂತು ಮೈ ನೆಕ್ಕಿ ಬಿಳಿಯಾಯಿತು. ಅದೇ ದಿನ ಅಪ್ಪ ಪಡಸಾಲೆಯಲ್ಲಿದ್ದ ರಾಟೆಯನ್ನು ಎತ್ತಿ ತಂದು ಮಗ್ಗದ ಪಕ್ಕದಲ್ಲಿಟ್ಟ. ಅಲ್ಲಿ ಬೆಳಕು ಕಡಿಮೆ, ಧೂಳು ಹೆಚ್ಚು. ನಾನು ಅಲ್ಲೇ ಕೂತು ಕಂಡಿಕೆ ಸುತ್ತತೊಡಗಿದೆ. ಅಲ್ಲಿಂದ ಮುಂದೆ ನಾವು ಒಟ್ಟಿಗೆ ಉಂಡೆವು. 

ಪಂಚಮಿಗೆ ಅಕ್ಕ ಬಂದಳು. ಬೆಳ್ಳಿ ಅವಳ ಕಾಲುಂಗುರವನ್ನು ಮೂಸಿ, ಪರಿಚಯವಿಲ್ಲದವರ ಹಾಗೆ ಒಲೆಯ ಕಡೆ ಹೊರಟುಹೋಯಿತು. ಅಕ್ಕ ನಕ್ಕಳು. ನಕ್ಕಾಗ ಅವಳ ಕೆನ್ನೆಯ ಮೂಳೆ ಕಂಡಿತು, ಅವಳೂ ಸೊರಗಿದ್ದಳು. ಸಾವಳಗಿಯ ಆ ತುಂಬಿದ ಮನೆಯಲ್ಲಿ, ಯಾಕೆ ಉಣ್ಣುವುದಿಲ್ಲ ಎಂದು ಅವಳನ್ನು ಕೇಳಿದವರು ಯಾರಾದರೂ ಇದ್ದರೋ ಇಲ್ಲವೋ. ಅದನ್ನು ಕೇಳಬೇಕೆಂಬುದು ನನಗೆ ಆಗ ತಿಳಿಯಲಿಲ್ಲ. 

ಮೊಮ್ಮಕ್ಕಳೇ, ಈಗ ನೀವು ನಿಮ್ಮ ಬೆಕ್ಕನ್ನು ಜಾಲರಿಯ ಪೆಟ್ಟಿಗೆಯಲ್ಲಿಟ್ಟು ಕಾರಿನಲ್ಲಿ ಒಯ್ಯುತ್ತೀರಿ. ಹೊರಡುವ ಮೊದಲೇ ಅದರ ಫೋಟೋ ದಾಕ್ತರ ಫೋನಿಗೆ ಹೋಗಿರುತ್ತದೆ. ಅದರ ಹೊಟ್ಟೆಯೊಳಗಿನದು ಪರದೆಯ ಮೇಲೆ ಕಾಣುತ್ತದೆ. ಯಾರೂ ನಗುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿರುವ ನಿಮ್ಮ ಅಕ್ಕನ ಮುಖವೂ ದಿನಾ ಸಂಜೆ ಅದೇ ಫೋನಿನಲ್ಲಿ ಬರುತ್ತದೆ. ಏನು ಉಂಡೆ ಎಂದು ನೀವು ಕೇಳುತ್ತೀರಿ, ಅವಳು ತಟ್ಟೆಯನ್ನೇ ಎತ್ತಿ ತೋರಿಸುತ್ತಾಳೆ. ಅದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ನನ್ನ ಅಕ್ಕನ ತಟ್ಟೆಯನ್ನು ನನಗೆ ಹಾಗೆ ನೋಡಲಾಗಲಿಲ್ಲ.

ಆದರೆ ಮಾತು ಮುಗಿದು ಫೋನು ಆರಿದ ಮೇಲೂ ನೀವು ಆ ಕಪ್ಪು ಗಾಜನ್ನು ಒಂದಿಷ್ಟು ಹೊತ್ತು ನೋಡುತ್ತ ಕೂರುವುದನ್ನು ನಾನು ಬಾಗಿಲಿನಿಂದ ಕಂಡಿದ್ದೇನೆ. ಆಗ ನಾನು, ರೊಟ್ಟಿ ಬಿಸಿ ಇದೆ, ಬನ್ನಿ, ಒಟ್ಟಿಗೆ ಉಣ್ಣೋಣ ಎಂದು ಕರೆಯುತ್ತೇನೆ.